ಊರ ಹೊರಗೆ ಹುಟ್ಟಿದ ಊರ ಹಾಡು

ಊರಿನ ಹಾಡು ಊರಿನಲ್ಲಿಯೇ ಹುಟ್ಟುತ್ತದೆಂಬುದು ನಮ್ಮೆಲ್ಲರ ಸಹಜ ನಂಬಿಕೆ. ಮಣ್ಣಿನ ವಾಸನೆಯುಳ್ಳ ಸಂಗೀತವೆಂದೊಡನೆ ಹೊಲದ ಬದು, ಗುಡಿಯ ಜಗಲಿ, ಬೀಸುವ ಕಲ್ಲು ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಇಪ್ಪತ್ತನೆಯ ಶತಮಾನದ ಅಮೆರಿಕದ ಜಾನಪದ ಸಂಗೀತದ ಚರಿತ್ರೆಯನ್ನು ನೋಡಿದರೆ, ಊರನ್ನು ಕುರಿತ ಕೆಲವು ಅತ್ಯಂತ ಪ್ರಾಮಾಣಿಕವಾದ ಹಾಡುಗಳು ಊರು ಬಿಟ್ಟವರ ಬಾಡಿಗೆ ಮನೆಗಳಿಂದ ಬಂದವೆಂಬುದು ತಿಳಿಯುತ್ತದೆ. ಹೇಜಲ್ ಡಿಕನ್ಸ್ ಮತ್ತು ಆಲಿಸ್ ಜೆರಾರ್ಡ್ ಎಂಬ ಇಬ್ಬರು ಗಾಯಕಿಯರ ಜೋಡಿ ಇದಕ್ಕೆ ಒಳ್ಳೆಯ ನಿದರ್ಶನ.

ಹೇಜಲ್ ಹುಟ್ಟಿದ್ದು 1925ರಲ್ಲಿ, ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಯಲ್ಲಿ. ಹನ್ನೊಂದು ಮಕ್ಕಳ ಬಡ ಸಂಸಾರ. ತಂದೆ ಗಣಿಗಳಿಗೆ ಮರಮುಟ್ಟು ಸಾಗಿಸಿ ಜೀವನ ಮಾಡುತ್ತಿದ್ದವರು. ಜೊತೆಗೆ ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಥದ ಬೋಧಕರು. ಆ ಪಂಥದ ಪ್ರಾರ್ಥನೆಯಲ್ಲಿ ವಾದ್ಯಗಳಿಗೆ ಎಡೆಯಿಲ್ಲ. ಬರಿಯ ಕಂಠದಿಂದ, ಎದೆಯ ಬಲದಿಂದ ಹಾಡಬೇಕು. ಹೇಜಲ್ ಅವರ ದನಿಯಲ್ಲಿ ಕೊನೆಯವರೆಗೂ ಉಳಿದ ಒರಟುತನ ಮತ್ತು ನೇರತನದ ಮೂಲ ಅಲ್ಲಿದೆ.

ಎರಡನೆಯ ಮಹಾಯುದ್ಧದ ನಂತರ ಗಣಿಗಳಿಗೆ ಯಂತ್ರಗಳು ಬಂದವು, ಕೆಲಸಗಳು ಹೋದವು. ಅಪಲಾಚಿಯ ಬೆಟ್ಟಸಾಲಿನ ಲಕ್ಷಾಂತರ ಜನ ಡೆಟ್ರಾಯಿಟ್, ಷಿಕಾಗೊ, ಬಾಲ್ಟಿಮೋರ್‌ಗಳ ಕಾರ್ಖಾನೆಗಳತ್ತ ಹೊರಟರು. 1950ರ ದಶಕದ ಆರಂಭದಲ್ಲಿ ಹೇಜಲ್ ಕೂಡ ಒಡಹುಟ್ಟಿದವರ ಹಿಂದೆ ಬಾಲ್ಟಿಮೋರ್ ಸೇರಿ ಕಾರ್ಖಾನೆಯಲ್ಲಿ ದುಡಿದರು. ನಗರದವರ ಬಾಯಲ್ಲಿ ಇವರೆಲ್ಲ 'ಹಿಲ್‌ಬಿಲ್ಲಿ'ಗಳು, ಅಂದರೆ ಬೆಟ್ಟದ ಗಮಾರರು. ಮಾತಿನ ಧಾಟಿಯೇ ಅವಮಾನಕ್ಕೆ ಕಾರಣವಾಗುವ ನಗರದಲ್ಲಿ ಅದೇ ಧಾಟಿಯಲ್ಲಿ ಹಾಡುವುದು ಸಣ್ಣ ಧೈರ್ಯವಲ್ಲ.

ಆಲಿಸ್ ಅವರ ಹಿನ್ನೆಲೆ ಇದಕ್ಕೆ ತದ್ವಿರುದ್ಧ. 1934ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿ, ಶಾಸ್ತ್ರೀಯ ಸಂಗೀತದ ಒಡನಾಟವಿದ್ದ ಮನೆಯಲ್ಲಿ ಬೆಳೆದವರು. ಓಹಾಯೊದ ಆಂಟಿಯಾಕ್ ಕಾಲೇಜಿನಲ್ಲಿ ಓದುವಾಗ ಹಳೆಯ ಧ್ವನಿಮುದ್ರಿಕೆಗಳ ಮೂಲಕ ಹಳ್ಳಿಗಾಡಿನ ಸಂಗೀತಕ್ಕೆ ಮಾರುಹೋದರು. ಬಾಲ್ಟಿಮೋರ್–ವಾಷಿಂಗ್ಟನ್ ಆಸುಪಾಸಿನ ಮನೆಗಳಲ್ಲಿ ವಲಸೆ ಬಂದ ಕಾರ್ಮಿಕರೂ ಕಾಲೇಜು ಓದಿದ ಯುವಕರೂ ಕೂಡಿ ನುಡಿಸುತ್ತಿದ್ದ ಸಂಜೆಕೂಟಗಳಲ್ಲಿ ಇಬ್ಬರಿಗೂ ಪರಿಚಯವಾಯಿತು. ಒಬ್ಬರಿಗೆ ಆ ಸಂಗೀತ ಹುಟ್ಟಿನಿಂದ ಬಂದದ್ದು, ಇನ್ನೊಬ್ಬರಿಗೆ ಆಲಿಸಿ ಒಲಿಸಿಕೊಂಡದ್ದು. ತನ್ನ ಊರನ್ನು ಕುರಿತು ನಾಚಿಕೆಪಡುವಂತೆ ನಗರವು ಕಲಿಸುತ್ತಿದ್ದಾಗ, ಹೊರಗಿನವರೊಬ್ಬರು ಅದನ್ನು ಅಷ್ಟು ಶ್ರದ್ಧೆಯಿಂದ ಕೇಳುವುದನ್ನು ಕಂಡರೆ ಮನಸ್ಸಿಗೆ ಎಂಥ ಬಲ ಬಂದೀತೆಂಬುದು ಹೊರನಾಡಿನಲ್ಲಿರುವ ನಮಗೆ ಅರ್ಥವಾಗದ ವಿಷಯವಲ್ಲ.

1965ರಲ್ಲಿ ಫೋಕ್‌ವೇಸ್ ಸಂಸ್ಥೆ ಅವರ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಿತು. ಗಿಟಾರ್, ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ನಿಲುಬಾಸ್: ವಿದ್ಯುತ್ತಿನ ಹಂಗಿಲ್ಲದ ವಾದ್ಯಗಳು. ಬ್ಲೂಗ್ರಾಸ್ ಆಗ ಬಹುಮಟ್ಟಿಗೆ ಗಂಡಸರ ಪ್ರಕಾರ. ಎತ್ತರದ ಸ್ಥಾಯಿಯ ಗಂಡುದನಿಯೇ ಅದರ ಗುರುತು. ಇವರಾದರೋ ಅದನ್ನು ಮೆದುಗೊಳಿಸದೆ, ಆಲಿಸ್ ಕೆಳಗಿನ ದನಿಯನ್ನೂ ಹೇಜಲ್ ಅದರ ಮೇಲಿನ ಚೂಪಾದ ದನಿಯನ್ನೂ ಹಿಡಿದು ಹಾಡಿದರು. ಮುಂದೆ ಬರ್ನೀಸ್ ಜಾನ್ಸನ್ ರೀಗನ್ ಮತ್ತು ಆನ್ ರೊಮೇನ್ ಏರ್ಪಡಿಸಿದ ಸಂಗೀತಯಾತ್ರೆಗಳಲ್ಲಿ, ಕರಿಯ–ಬಿಳಿಯ ಕಲಾವಿದರು ಒಂದೇ ವೇದಿಕೆಯೇರಿ ದಕ್ಷಿಣದ ರಾಜ್ಯಗಳನ್ನು ಸುತ್ತಿದಾಗ, ಇವರೂ ಜೊತೆಗಿದ್ದರು. ಹಾಡು ಮತ್ತು ನ್ಯಾಯ ಒಂದೇ ನೊಗಕ್ಕೆ ಹೂಡಿದ ಎತ್ತುಗಳೆಂಬುದು ಅಲ್ಲಿ ಅವರಿಗೆ ಮನವರಿಕೆಯಾಯಿತು.

ಆ ಅರಿವಿಗೆ ಪರೀಕ್ಷೆಯ ಕಾಲ ಬೇಗನೆ ಬಂತು. 1968ರ ನವೆಂಬರ್ 20ರಂದು ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್ಟನ್ ಬಳಿಯ ಗಣಿ ಸ್ಫೋಟಿಸಿ 78 ಕಾರ್ಮಿಕರು ಸತ್ತರು. ಮರುವರ್ಷ ಫೆಬ್ರವರಿಯಲ್ಲಿ, ಕಲ್ಲಿದ್ದಲ ಧೂಳಿನಿಂದ ಬರುವ 'ಕಪ್ಪು ಶ್ವಾಸಕೋಶ' ರೋಗಕ್ಕೆ ಪರಿಹಾರ ಕೇಳಿ ಆ ರಾಜ್ಯದ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ವರ್ಷಾಂತ್ಯಕ್ಕೆ ಒಕ್ಕೂಟ ಸರ್ಕಾರ ಗಣಿ ಸುರಕ್ಷತೆಯ ಕಾಯಿದೆ ಮಾಡಬೇಕಾಯಿತು. ಹೇಜಲ್ ಅವರ ಅಣ್ಣ ಥರ್ಮನ್ ಅದೇ ರೋಗಕ್ಕೆ ಬಲಿಯಾದವರು. ಆ ಸಾವಿನಿಂದ 'ಬ್ಲ್ಯಾಕ್ ಲಂಗ್' ಎಂಬ ಹಾಡು ಬಂತು. ಸ್ಫೋಟವನ್ನು ಕುರಿತು ಇನ್ನೊಂದು. 1976ರಲ್ಲಿ ತೆರೆಕಂಡು ಆಸ್ಕರ್ ಪಡೆದ 'ಹಾರ್ಲನ್ ಕೌಂಟಿ, ಯುಎಸ್‌ಎ' ಸಾಕ್ಷ್ಯಚಿತ್ರದಲ್ಲಿ ಅವರ ಹಾಡುಗಳು ಮುಷ್ಕರನಿರತ ಕುಟುಂಬಗಳ ದನಿಯೊಂದಿಗೆ ಬೆರೆತವು.

ಇದೇ ಸೀಮೆಯನ್ನು ಕುರಿತ ಮತ್ತೊಂದು ಹಾಡನ್ನು ನಮ್ಮಲ್ಲಿ ಹಲವರು ಬಲ್ಲರು. 1971ರ 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್' ಜಾನ್ ಡೆನ್ವರ್ ಅವರ ಕಂಠದಲ್ಲಿ ಜಗತ್ತನ್ನೇ ಸುತ್ತಿತು. ಅದನ್ನು ಡೆನ್ವರ್ ಜೊತೆಗೂಡಿ ಬರೆದ ಬಿಲ್ ಡ್ಯಾನಾಫ್ ಮತ್ತು ಟ್ಯಾಫಿ ನಿವರ್ಟ್ ಕೂಡ ಒಂದು ಜೋಡಿಯೇ, ವಾಷಿಂಗ್ಟನ್ನಿನಲ್ಲಿ ಹಾಡುತ್ತಿದ್ದವರೇ. ಆ ಗೀತೆ ಹೊಳೆದದ್ದು ಮೇರಿಲ್ಯಾಂಡಿನ ರಸ್ತೆಯೊಂದರಲ್ಲಿ. 2014ರಲ್ಲಿ ವೆಸ್ಟ್ ವರ್ಜೀನಿಯಾ ಅದನ್ನು ತನ್ನ ನಾಡಗೀತೆಗಳಲ್ಲಿ ಒಂದಾಗಿ ಅಂಗೀಕರಿಸಿತು. ಸುಂದರವಾದ ಗೀತೆ, ಸಂದೇಹವಿಲ್ಲ. ಆದರೆ ಅಲ್ಲಿ ಊರು ಕಾಯುತ್ತ ಕುಳಿತಿದೆ. ಹೋಗಿ ಸೇರಿದರೆ ಸಾಕು. ಹೇಜಲ್ ಅವರ 'ವೆಸ್ಟ್ ವರ್ಜೀನಿಯಾ, ಮೈ ಹೋಮ್' ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ನಗರದಲ್ಲಿ ದಣಿದ ಜೀವವೊಂದು ತಾನೇಕೆ ಊರು ಬಿಟ್ಟೆನೆಂದು ತನ್ನನ್ನೇ ಕೇಳಿಕೊಳ್ಳುತ್ತದೆ. ಬಿಟ್ಟ ಕಾರಣವನ್ನು ಅದೇ ಗಾಯಕಿಯ 'ಬ್ಲ್ಯಾಕ್ ಲಂಗ್' ಹೇಳುತ್ತದೆ. ಎರಡನ್ನೂ ಒಟ್ಟಿಗೆ ಕೇಳಿದಾಗಲೇ ಊರಿನ ಚಿತ್ರ ಪೂರ್ಣವಾಗುತ್ತದೆ.

1976ರಲ್ಲಿ ಜೋಡಿ ಬೇರೆಯಾಯಿತು. ಆಲಿಸ್ 1987ರಲ್ಲಿ 'ದಿ ಓಲ್ಡ್-ಟೈಮ್ ಹೆರಾಲ್ಡ್' ಪತ್ರಿಕೆಯನ್ನು ಆರಂಭಿಸಿ ಹಳೆಯ ಕಲಾವಿದರ ಬದುಕನ್ನು ದಾಖಲಿಸಿದರು. ಹೇಜಲ್ 2011ರಲ್ಲಿ ತೀರಿಕೊಳ್ಳುವವರೆಗೂ ವಾಷಿಂಗ್ಟನ್ನಿನಲ್ಲಿಯೇ ಉಳಿದರು. 2017ರಲ್ಲಿ ಇಬ್ಬರನ್ನೂ ಬ್ಲೂಗ್ರಾಸ್ ಸಂಗೀತದ ಗೌರವಪಟ್ಟಿಗೆ ಒಟ್ಟಿಗೆ ಸೇರಿಸಲಾಯಿತು.

ಹಂಬಲವೊಂದೇ ಇದ್ದರೆ ಊರು ಬಣ್ಣದ ಪಟವಾಗಿಬಿಡುತ್ತದೆ. ಸಿಟ್ಟೊಂದೇ ಇದ್ದರೆ ಅದು ಮೊಕದ್ದಮೆಯ ಕಡತವಾಗುತ್ತದೆ. ಊರನ್ನು ಪ್ರೀತಿಸುತ್ತಲೇ, ತಮ್ಮನ್ನು ಅಲ್ಲಿಂದ ಹೊರದೂಡಿದವರ ಹೆಸರು ಹಿಡಿದು ಹಾಡಿದ್ದು ಈ ಸಂಗೀತದ ಹಿರಿಮೆ. ದೂರದಲ್ಲಿ ಕುಳಿತು ತವರನ್ನು ನೆನೆಯುವ ಯಾರಿಗೇ ಆಗಲಿ, ಅದು ಒಳ್ಳೆಯ ಪಾಠ.