ಸಮಾರಿಯಾ ಕಮರಿ: ಆಶ್ರಯವಿತ್ತ ಬಂಡೆಗಳ ಕಥೆ

ಗೋಡೆಗೆ ಭೂಪಟವನ್ನು ತೂಗುಹಾಕದೆ ನಾನು ಇತಿಹಾಸದ ಪಾಠವನ್ನು ಆರಂಭಿಸುತ್ತಿರಲಿಲ್ಲವೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ರಾಜರ ಹೆಸರು, ಯುದ್ಧಗಳ ಇಸವಿ ಇವೆಲ್ಲ ಪರೀಕ್ಷೆ ಮುಗಿದ ಮೇಲೆ ಮರೆತುಹೋದರೂ ಚಿಂತೆಯಿಲ್ಲ. ಬೆಟ್ಟ ಎಲ್ಲಿದೆ, ಹೊಳೆ ಯಾವ ಕಡೆಗೆ ಹರಿಯುತ್ತದೆ, ದಾರಿ ಎಲ್ಲಿ ಕಿರಿದಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ ಎಂದು ಹೇಳುತ್ತಿದ್ದೆ. ಆ ಮಾತಿಗೆ ನಾನು ಕಣ್ಣಾರೆ ಕಂಡ ಅತ್ಯುತ್ತಮ ನಿದರ್ಶನವೆಂದರೆ ಗ್ರೀಸ್ ದೇಶಕ್ಕೆ ಸೇರಿದ ಕ್ರೀಟ್ ದ್ವೀಪದ ಸಮಾರಿಯಾ ಕಮರಿ. ಇಂದಿನ ಬರಹ ಅದರ ಕುರಿತು.

ಕ್ರೀಟ್ ಮೆಡಿಟರೇನಿಯನ್ ಸಮುದ್ರದ ದೊಡ್ಡ ದ್ವೀಪಗಳಲ್ಲಿ ಐದನೆಯದು. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದಕ್ಕೆ ಕೋಲಿನಂತೆ ಮಲಗಿರುವ ಈ ದ್ವೀಪದ ಬೆನ್ನೆಲುಬಿನಂತೆ ಪರ್ವತಗಳ ಸಾಲೊಂದು ಹಾದುಹೋಗಿದೆ. ಪಶ್ಚಿಮ ಭಾಗದ ಪರ್ವತಗಳಿಗೆ ಲೆಫ್ಕಾ ಓರಿ, ಎಂದರೆ ಶ್ವೇತ ಪರ್ವತಗಳು, ಎಂದು ಹೆಸರು. ಅವುಗಳ ಅತಿ ಎತ್ತರದ ಶಿಖರವಾದ ಪಾಖ್ನೆಸ್ 2,453 ಮೀಟರ್ ಎತ್ತರವಿದೆ. ಸುಣ್ಣಕಲ್ಲಿನ ಈ ಪರ್ವತರಾಶಿಯನ್ನು ನೀರು ಯುಗಯುಗಗಳ ಕಾಲ ಕೊರೆದು, ದಕ್ಷಿಣದ ಲಿಬಿಯನ್ ಸಮುದ್ರದವರೆಗೆ ಸೀಳಿದ ಹಾದಿಯೇ ಸಮಾರಿಯಾ. ಮೇಲಿನ ಒಮಾಲೋಸ್ ಪ್ರಸ್ಥಭೂಮಿಯ ಅಂಚಿನಿಂದ ಕೆಳಗಿನ ಕಡಲ ತೀರದವರೆಗೆ ನಡೆಯುವ ದೂರ ಸುಮಾರು 16 ಕಿಲೋಮೀಟರ್. ಇಳಿಯುವ ಎತ್ತರ 1,200 ಮೀಟರಿಗೂ ಹೆಚ್ಚು.

ಜರ್ಮನಿಯಲ್ಲಿ ನೆಲೆಸಿರುವ ಮಗಳು ಮತ್ತು ಅಳಿಯಂದಿರು 2016ರ ಸೆಪ್ಟೆಂಬರಿನಲ್ಲಿ ನನ್ನನ್ನು ಕ್ರೀಟ್‌ಗೆ ಕರೆದೊಯ್ದರು. ಎಪ್ಪತ್ತು ಸಮೀಪಿಸಿದ್ದ ನನ್ನ ಮಂಡಿಗಳ ಮೇಲೆ ಮಗಳಿಗೆ ಅಷ್ಟಾಗಿ ನಂಬಿಕೆಯಿರಲಿಲ್ಲ. ಆದರೂ ಊರುಗೋಲೊಂದನ್ನು ಕೈಗಿತ್ತು, ಬೆಳಗಿನ ಮೊದಲ ಬಸ್ಸಿನಲ್ಲಿ ಹನಿಯಾ ಪಟ್ಟಣದಿಂದ ಹೊರಡಿಸಿದಳು. ಕಮರಿಯ ಮೇಲ್ತುದಿಯ ಹೆಸರು ಕ್ಸಿಲೋಸ್ಕಾಲೋ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಮರದ ಏಣಿ. ಹಿಂದೆ ಊರವರು ಮರದ ದಿಮ್ಮಿಗಳನ್ನು ಜೋಡಿಸಿ ಇಳಿಜಾರಿನಲ್ಲಿ ಮೆಟ್ಟಿಲು ಮಾಡಿಕೊಂಡಿದ್ದರಿಂದ ಆ ಹೆಸರು ಬಂದಿತು. ಈಗ ಕಲ್ಲಿನ ಹಾದಿಯಿದೆ, ಅಂಚಿಗೆ ಮರದ ಕಟಕಟೆಯಿದೆ. ಪ್ರವೇಶದ ಚೀಟಿಯನ್ನು ಕಡಲ ಕಡೆಯ ಬಾಗಿಲಿನಲ್ಲಿ ಮತ್ತೆ ತೋರಿಸಬೇಕು. ರಾತ್ರಿ ಒಳಗೆ ಯಾರೂ ಉಳಿಯಬಾರದೆಂಬ ನಿಯಮವಿರುವುದರಿಂದ ಇದೊಂದು ಬಗೆಯ ಹಾಜರಿ. ನಾಲ್ಕು ದಶಕ ಹಾಜರಿ ಪುಸ್ತಕ ಹಿಡಿದವನಿಗೆ ಈ ಏರ್ಪಾಡು ಬಹಳ ಹಿಡಿಸಿತು.

ಮೊದಲ ಮೂರು ನಾಲ್ಕು ಕಿಲೋಮೀಟರುಗಳಲ್ಲಿಯೇ ಬಹುಪಾಲು ಇಳಿತ ಮುಗಿಯುತ್ತದೆ. ಬಲಗಡೆ 2,000 ಮೀಟರಿಗೂ ಮಿಗಿಲಾದ ಗಿಂಗಿಲೋಸ್ ಶಿಖರದ ಬೋಳು ಬಂಡೆ. ಸುತ್ತ ಪೈನ್ ಮತ್ತು ಸೈಪ್ರೆಸ್ ಮರಗಳು. ಅಲ್ಲಲ್ಲಿ ಕುಡಿಯಲು ತಣ್ಣನೆಯ ಊಟೆಯ ನೀರು. ಈ ಸೈಪ್ರೆಸ್ ಮರಗಳಿಗೂ ಒಂದು ಚರಿತ್ರೆಯಿದೆ. ಹದಿಮೂರನೆಯ ಶತಮಾನದ ಆರಂಭದಿಂದ 1669ರವರೆಗೆ ಕ್ರೀಟ್ ವೆನಿಸ್ ಗಣರಾಜ್ಯದ ಆಳ್ವಿಕೆಯಲ್ಲಿತ್ತು. ಹಡಗು ಕಟ್ಟುವ ಆ ಜನರಿಗೆ ನೀರಿಗೆ ಬೇಗ ಕೊಳೆಯದ ಸೈಪ್ರೆಸ್ ಮರವು ಚಿನ್ನದಂತೆ. ಕಮರಿಯ ದಿಮ್ಮಿಗಳು ಕಡಲಿಗಿಳಿದು ದೂರದ ಬಂದರುಗಳನ್ನು ಸೇರಿದವು.

ಸುಮಾರು ಏಳು ಕಿಲೋಮೀಟರ್ ನಡೆದ ಮೇಲೆ ಹೊಳೆಯ ಆಚೆ ದಡದಲ್ಲಿ ಕಲ್ಲಿನ ಮನೆಗಳು ಕಾಣುತ್ತವೆ. ಅದೇ ಸಮಾರಿಯಾ ಗ್ರಾಮ. ಬೈಬಲ್ಲಿನ ಸಮಾರಿಯಾ ಪ್ರಾಂತಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಊರಿನ ಬಳಿ ಈಜಿಪ್ಟಿನ ಸಂತ ಮರಿಯಾಳ ಪುಟ್ಟ ದೇಗುಲವಿದೆ; 1379ರ ಕಾಲದ್ದು. ಗ್ರೀಕರು ಆಕೆಯನ್ನು ‘ಓಸಿಯಾ ಮರಿಯಾ’ ಎನ್ನುತ್ತಾರೆ. ಆ ಎರಡು ಪದಗಳು ಜನರ ಬಾಯಲ್ಲಿ ಸವೆದು ಸವೆದು ‘ಸಮಾರಿಯಾ’ ಆಯಿತು. ಮನೆಗಳಿವೆ, ಅಂಗಳಗಳಿವೆ, ಹಳೆಯ ಮರಗಳಿವೆ. ಊರಿನವರು ಮಾತ್ರ ಇಲ್ಲ. ಕೆಲವು ಮನೆಗಳು ಕಾವಲುಗಾರರ ಠಾಣೆಗಳಾಗಿವೆ, ಉಳಿದವುಗಳ ಸೂರು ಬಿದ್ದಿದೆ. ಇದರ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು, ಜನರು ಇಂತಹ ದುರ್ಗಮ ಸ್ಥಳಕ್ಕೆ ಏಕೆ ಬಂದರು ಎಂಬುದನ್ನು ನೋಡೋಣ.

ಊರನ್ನು ದಾಟಿ ಮತ್ತೆ ನಾಲ್ಕು ಕಿಲೋಮೀಟರ್ ನಡೆದರೆ ಎರಡೂ ಕಡೆಯ ಬಂಡೆಗಳು ಒತ್ತೊತ್ತಿಗೆ ಬರುತ್ತವೆ. ಆ ಜಾಗಕ್ಕೆ ‘ಪೋರ್ತೆಸ್’ ಎಂದು ಹೆಸರು, ಬಾಗಿಲುಗಳು ಎಂದರ್ಥ. ಇಕ್ಕೆಲಗಳಲ್ಲಿ ಸುಮಾರು 300 ಮೀಟರ್ ಎತ್ತರದ ನೆಟ್ಟನೆಯ ಗೋಡೆ, ನಡುವೆ ಕೇವಲ ನಾಲ್ಕು ಮೀಟರಿನಷ್ಟು ಅಗಲದ ಸಂದು, ಅದರಲ್ಲಿಯೇ ಹೊಳೆ, ಅದರ ಮೇಲೆಯೇ ಹಲಗೆಯ ದಾರಿ. ಆ ಸಂದಿನಲ್ಲಿ ನಿಂತು ತಲೆಯೆತ್ತಿ ನೋಡಿದಾಗ, ಪುಸ್ತಕದಲ್ಲಿ ಓದಿದ್ದ ಒಂದು ಸಂಗತಿ ಥಟ್ಟನೆ ಮನದಟ್ಟಾಯಿತು. ಸಾವಿರಾರು ಜನರ ಸೈನ್ಯ ಬಂದರೂ ಇಲ್ಲಿ ಒಮ್ಮೆಗೆ ಮೂರು ನಾಲ್ಕು ಜನರಿಗಿಂತ ಹೆಚ್ಚು ಮುಂದೆ ಬರಲಾಗದು. ಮೇಲಿನಿಂದ ಕಲ್ಲುರುಳಿಸುವ ಹತ್ತು ಜನರಿದ್ದರೂ ಸಾಕು.

1645ರಲ್ಲಿ ಒಟ್ಟೋಮನ್ ತುರ್ಕರು ಹನಿಯಾವನ್ನು ಗೆದ್ದರು. ಇಪ್ಪತ್ತೊಂದು ವರ್ಷಗಳ ಮುತ್ತಿಗೆಯ ನಂತರ 1669ರಲ್ಲಿ ಕಾಂಡಿಯಾ, ಅಂದರೆ ಇಂದಿನ ಹೆರಾಕ್ಲಿಯೋನ್, ಅವರ ವಶವಾಯಿತು. ಬಯಲಿನ ಊರುಗಳೆಲ್ಲ ಹೊಸ ಆಳ್ವಿಕೆಗೆ ಒಳಪಟ್ಟವು. ಆದರೆ ಶ್ವೇತ ಪರ್ವತಗಳ ದಕ್ಷಿಣದ ಸ್ಫಾಕಿಯಾ ಸೀಮೆ ಎಂದೂ ಪೂರ್ಣವಾಗಿ ಕೈಗೆ ಸಿಗಲಿಲ್ಲ. ಆ ಸೀಮೆಯ ಅನೋಪೊಲಿ ಗ್ರಾಮದಲ್ಲಿ ಯೋವಾನ್ನಿಸ್ ವ್ಲಾಖೋಸ್ ಎಂಬ ಶ್ರೀಮಂತ ಹಡಗು ವ್ಯಾಪಾರಿಯಿದ್ದ. ವಿದ್ಯಾವಂತನಾದ್ದರಿಂದ ಜನರು ಅವನನ್ನು ದಸ್ಕಲೋಯಾನ್ನಿಸ್ ಎಂದು ಕರೆಯುತ್ತಿದ್ದರು. ‘ದಸ್ಕಲೋಸ್’ ಎಂದರೆ ಗ್ರೀಕ್‌ನಲ್ಲಿ ಶಿಕ್ಷಕ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಯೋವಾನ್ನಿ ಮೇಷ್ಟರು. ನೀವೆಲ್ಲ ಇಂದಿಗೂ ನನ್ನನ್ನು ಕರೆಯುವುದು ಆ ಪದದಿಂದಲೇ ಆದ್ದರಿಂದ ಈ ಮನುಷ್ಯನ ಕಥೆ ನನಗೆ ಹತ್ತಿರವಾಯಿತು ಎಂದರೆ ನಗಬೇಡಿ.

ಆಗ ರಷ್ಯಾಕ್ಕೂ ತುರ್ಕಿಗೂ ಯುದ್ಧ ನಡೆಯುತ್ತಿತ್ತು. ಸಾಮ್ರಾಜ್ಞಿ ಎರಡನೆಯ ಕ್ಯಾಥರೀನಳ ಪರವಾಗಿ ಓರ್ಲೋವ್ ಸಹೋದರರು ಗ್ರೀಕರನ್ನು ದಂಗೆಗೆ ಹುರಿದುಂಬಿಸಿ, ನೌಕಾಪಡೆಯ ನೆರವಿನ ಭರವಸೆಯನ್ನಿತ್ತರು. ಆ ಮಾತನ್ನು ನಂಬಿ 1770ರಲ್ಲಿ ದಸ್ಕಲೋಯಾನ್ನಿಸ್ ಸ್ಫಾಕಿಯಾದಲ್ಲಿ ಬಂಡೆದ್ದ. ರಷ್ಯಾದ ಹಡಗುಗಳು ಕ್ರೀಟ್‌ಗೆ ಬರಲೇ ಇಲ್ಲ. ತುರ್ಕಿ ಸೈನ್ಯ ಬಂದಿತು. ಹಳ್ಳಿಗಳು ಉರಿದವು. ಸ್ಫಾಕಿಯಾದ ಹೆಂಗಸರು ಮಕ್ಕಳು ಸಮಾರಿಯಾ ಕಮರಿಯೊಳಗೆ ಆಶ್ರಯ ಪಡೆದರು. ಈ ಬಾಗಿಲನ್ನು ಮುರಿದು ಒಳನುಗ್ಗಲು ತುರ್ಕರಿಗೆ ಆಗಲಿಲ್ಲವೆಂಬುದು ಇಂದಿಗೂ ಅಲ್ಲಿನ ಜನರ ಹೆಮ್ಮೆಯ ನೆನಪು. ಆದರೆ ಉಳಿದ ನಾಡು ಬೂದಿಯಾಗುತ್ತಿರಲು ಕಮರಿಯೊಂದೇ ಉಳಿದು ಫಲವೇನು? ದಸ್ಕಲೋಯಾನ್ನಿಸ್ ತಾನಾಗಿಯೇ ಶರಣಾದ. 1771ರ ಜೂನ್ 17ರಂದು ಕಾಂಡಿಯಾದಲ್ಲಿ ಅವನನ್ನು ಜೀವಂತವಾಗಿ ಚರ್ಮ ಸುಲಿದು ಕೊಂದರು. ಹದಿನೈದು ವರ್ಷಗಳ ನಂತರ, 1786ರಲ್ಲಿ, ಪಾಂಟ್ಸೆಲಿಯೋಸ್ ಎಂಬ ಮುದುಕ ಅವನ ಕಥೆಯನ್ನು ದೀರ್ಘ ಹಾಡಾಗಿ ಹೇಳಿ ಬರೆಯಿಸಿದ. ಚೀಸ್ ಮಾಡುವುದು ಅವನ ಕಸುಬು. ಅವನಿಗೆ ಓದುಬರಹ ಬಾರದು. ನಮ್ಮಲ್ಲಿ ಸಂಗೊಳ್ಳಿ ರಾಯಣ್ಣನನ್ನು ಲಾವಣಿಕಾರರು ಉಳಿಸಿಕೊಂಡ ಹಾಗೆಯೇ, ಅಕ್ಷರ ಬಲ್ಲ ‘ಮೇಷ್ಟರ’ ಕಥೆಯನ್ನು ಅಕ್ಷರ ಬಾರದವನೊಬ್ಬ ಉಳಿಸಿದ.

ಬಾಗಿಲುಗಳನ್ನು ದಾಟಿದರೆ ಕಮರಿ ನಿಧಾನವಾಗಿ ತೆರೆದುಕೊಂಡು, ಆಯಿಯಾ ರೂಮೆಲಿ ಎಂಬ ಹಳ್ಳಿಯ ಬಳಿ ಕಡಲನ್ನು ಸೇರುತ್ತದೆ. ಮೇಲಿನ ಗುಡ್ಡದಲ್ಲಿ ತುರ್ಕರು ಕಟ್ಟಿದ ಕೋಟೆಯ ಅವಶೇಷವಿದೆ. ಗೆಲ್ಲಲಾಗದ ದಾರಿಯನ್ನು ಕಾಯಲಾದರೂ ಬೇಕಾಯಿತು. ಈ ಹಳ್ಳಿಗೆ ರಸ್ತೆಯಿಲ್ಲ. ಬರುವವರು ಕಮರಿಯಿಂದಲೋ ಬೆಟ್ಟದ ಕಾಲುದಾರಿಯಿಂದಲೋ ನಡೆದು ಬರಬೇಕು, ಇಲ್ಲವೇ ದೋಣಿಯಲ್ಲಿ ಬರಬೇಕು.

ಇದೇ ತೀರಕ್ಕೆ ಒಬ್ಬ ರಾಜನೂ ನಿರಾಶ್ರಿತನಾಗಿ ಬಂದ. 1941ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಅಥೆನ್ಸ್ ಸಮೀಪಿಸಿದಾಗ ಗ್ರೀಸ್‌ನ ದೊರೆ ಎರಡನೆಯ ಜಾರ್ಜ್ ಮತ್ತು ಪ್ರಧಾನಿ ಎಮ್ಮಾನುಯಿಲ್ ತ್ಸುದೆರೋಸ್ ಕ್ರೀಟ್‌ಗೆ ಬಂದಿದ್ದರು. ಮೇ 20ರ ಬೆಳಿಗ್ಗೆ ಹನಿಯಾದ ಸುತ್ತಮುತ್ತ ಆಕಾಶದಿಂದ ಜರ್ಮನ್ ಪ್ಯಾರಾಚೂಟ್ ಸೈನಿಕರು ಇಳಿಯತೊಡಗಿದರು. ದೊರೆಯ ಪರಿವಾರ ನ್ಯೂಜಿಲೆಂಡ್ ಸೈನಿಕರ ಸಣ್ಣ ತುಕಡಿಯೊಂದರ ಕಾವಲಿನಲ್ಲಿ ಶ್ವೇತ ಪರ್ವತಗಳನ್ನು ದಾಟಿ ಆಯಿಯಾ ರೂಮೆಲಿಯನ್ನು ತಲುಪಿತು. ಮೇ 22ರ ರಾತ್ರಿ ಬ್ರಿಟಿಷ್ ಯುದ್ಧನೌಕೆ ‘ಡಿಕಾಯ್’ ಅವರನ್ನು ಹತ್ತಿಸಿಕೊಂಡು ಈಜಿಪ್ಟಿಗೆ ಕರೆದೊಯ್ದಿತು. ಜೂನ್ 1ರ ವೇಳೆಗೆ ದ್ವೀಪ ಜರ್ಮನರ ವಶವಾಯಿತು. ದೊರೆಗೆ ಹಡಗು ಸಿಕ್ಕಿತು, ಪ್ರಜೆಗಳಿಗೆ ಸಿಗಲಿಲ್ಲ. ಇದೇ ಪಶ್ಚಿಮ ಸೀಮೆಯ ಕಂದಾನೋಸ್ ಎಂಬ ಊರನ್ನು ಜೂನ್ 3ರಂದು ಜರ್ಮನ್ ಸೈನ್ಯ ಜನರನ್ನು ಕೊಂದು ನೆಲಸಮ ಮಾಡಿತು. ಮುಂದಿನ ವರ್ಷಗಳಲ್ಲಿ ಹೋರಾಟಗಾರರಿಗೂ ತಪ್ಪಿಸಿಕೊಂಡ ಸೈನಿಕರಿಗೂ ಈ ಪರ್ವತಗಳೇ ಮನೆಯಾದವು. ಜರ್ಮನಿಯಲ್ಲಿ ಅನ್ನ ತಿನ್ನುತ್ತಿರುವ ನನ್ನ ಮಗಳಿಗೆ ಈ ಕಥೆಯನ್ನು ಆ ತೀರದಲ್ಲಿ ಕುಳಿತು ಹೇಳಿದಾಗ, ಅವಳು ಬಹಳ ಹೊತ್ತು ಮಾತನಾಡಲಿಲ್ಲ.

ಈಗ ಖಾಲಿ ಊರಿನ ವಿಷಯಕ್ಕೆ ಬರುತ್ತೇನೆ. ಆಯಿಯಾ ರೂಮೆಲಿ ಇರುವಲ್ಲಿಯೇ ಪ್ರಾಚೀನ ಕಾಲದಲ್ಲಿ ತಾರ್ರಾ ಎಂಬ ಪುಟ್ಟ ನಗರರಾಜ್ಯವಿತ್ತು. ಗಾದೆಮಾತುಗಳನ್ನು ಸಂಗ್ರಹಿಸಿದ ಲುಕಿಲ್ಲೋಸ್ ಎಂಬ ವ್ಯಾಕರಣಕಾರ ಈ ಊರಿನವನು. ತಾರ್ರಾದ ನಾಣ್ಯಗಳ ಒಂದು ಮುಖದಲ್ಲಿ ಜೇನುನೊಣ, ಇನ್ನೊಂದು ಮುಖದಲ್ಲಿ ಕಾಡುಮೇಕೆಯ ತಲೆ. ಆ ಮೇಕೆಯ ವಂಶ ಇಂದಿಗೂ ಕಮರಿಯಲ್ಲಿದೆ. ಕ್ರೀಟಿನವರು ಅದನ್ನು ಕ್ರಿ-ಕ್ರಿ ಎನ್ನುತ್ತಾರೆ. ಯುದ್ಧ, ಹಸಿವು, ಬೇಟೆ ಇವುಗಳಿಂದ 1960ರ ವೇಳೆಗೆ ಅವುಗಳ ಸಂಖ್ಯೆ 200ಕ್ಕಿಂತಲೂ ಕೆಳಗಿಳಿದಿತ್ತು. ಅವುಗಳನ್ನು ಉಳಿಸುವ ಮುಖ್ಯ ಉದ್ದೇಶದಿಂದ ಗ್ರೀಕ್ ಸರ್ಕಾರ 1962ರಲ್ಲಿ ಕಮರಿಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಸಮಾರಿಯಾ ಗ್ರಾಮದ ಉಳಿದ ನಿವಾಸಿಗಳನ್ನು ಹೊರಗೆ ಕಳುಹಿಸಿದ್ದು ಆಗಲೇ. 1981ರಲ್ಲಿ ಯುನೆಸ್ಕೋ ಇದನ್ನು ಜೀವಗೋಳ ಮೀಸಲು ಪ್ರದೇಶಗಳ ಪಟ್ಟಿಗೆ ಸೇರಿಸಿತು.

ವಿಚಿತ್ರವನ್ನು ಗಮನಿಸಿ. ವೆನಿಸ್, ತುರ್ಕಿ, ಜರ್ಮನಿ ಎಂಬ ಮೂರು ಶಕ್ತಿಗಳ ಕಾಲದಲ್ಲಿಯೂ ಬರಿದಾಗದಿದ್ದ ಊರು, ತಮ್ಮದೇ ಸ್ವತಂತ್ರ ಸರ್ಕಾರದ ಆಜ್ಞೆಯಿಂದ, ಅದೂ ಸದುದ್ದೇಶದ ಆಜ್ಞೆಯಿಂದ, ಬರಿದಾಯಿತು. ಇನ್ನೂ ಒಂದು ವಿಷಯವಿದೆ. ಕ್ರಿ-ಕ್ರಿ ಮೂಲತಃ ಕಾಡಿನ ಪ್ರಾಣಿಯಲ್ಲವೆಂದು ಇಂದಿನ ಸಂಶೋಧಕರು ಹೇಳುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಮನುಷ್ಯರೇ ಹಡಗಿನಲ್ಲಿ ತಂದ ಮೇಕೆಗಳು ಹಟ್ಟಿಯನ್ನು ತೊರೆದು ಬೆಟ್ಟವನ್ನು ಸೇರಿ ಕಾಡುಮೇಕೆಗಳಾದವಂತೆ. ಹಾಗಾದರೆ ಮೇಕೆಯೂ ಇಲ್ಲಿ ಆಶ್ರಯ ಹುಡುಕಿ ಬಂದದ್ದೇ, ಮನುಷ್ಯನೂ ಆಶ್ರಯ ಹುಡುಕಿ ಬಂದವನೇ. ಕೊನೆಗೆ ಒಬ್ಬರಿಗಾಗಿ ಇನ್ನೊಬ್ಬರು ಜಾಗ ಬಿಡಬೇಕಾಯಿತು.

ಸರ್ಕಾರ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಉದ್ಯಾನವಾಗದಿದ್ದರೆ ಈ ಕಮರಿಯಲ್ಲಿ ಇಂದು ಮೇಕೆಗಳೂ ಇರುತ್ತಿರಲಿಲ್ಲವೇನೋ. ಆದರೆ ಕಾಡನ್ನು ಕಾಪಾಡಿದ ಲೆಕ್ಕವನ್ನು ಬರೆಯುವಾಗ, ಅದಕ್ಕಾಗಿ ಒಲೆ ಆರಿಸಿ ಎದ್ದುಹೋದವರ ಹೆಸರೂ ಅದೇ ಪುಟದಲ್ಲಿರಬೇಕು. ಬಂಡಾಯದ ನಾಯಕನಿಗೆ ಹಾಡು ಕಟ್ಟುವವನು ಸಿಕ್ಕಿದ, ದೊರೆಗೆ ಚರಿತ್ರೆಕಾರರು ಸಿಕ್ಕಿದರು. ಶತಮಾನಗಳ ಕಾಲ ಕಮರಿಯ ಬಾಗಿಲನ್ನು ತೆರೆದಿಟ್ಟು, ಬಂದವರಿಗೆ ರೊಟ್ಟಿಯನ್ನೂ ಹಾಲನ್ನೂ ಕೊಟ್ಟ ಹಳ್ಳಿಯವರಿಗೆ ಉಳಿದದ್ದು ಸೂರಿಲ್ಲದ ಗೋಡೆಗಳು ಮಾತ್ರ.

ನಿಮ್ಮಲ್ಲಿ ಅನೇಕರು ಈಗ ಯುರೋಪಿನಲ್ಲಿದ್ದೀರಿ. ಯಾರಾದರೂ ಅತ್ತ ಹೋಗುವುದಾದರೆ ಮೇ ತಿಂಗಳಿಂದ ಅಕ್ಟೋಬರಿನೊಳಗೆ ಹೋಗಿ. ಚಳಿಗಾಲದಲ್ಲಿ ಹೊಳೆ ತುಂಬುವುದರಿಂದ ದಾರಿ ಮುಚ್ಚಿರುತ್ತದೆ. ಗಟ್ಟಿ ಬೂಟು, ಟೋಪಿ, ನೀರಿನ ಬಾಟಲಿ ಇರಲಿ. ನನಗೆ ಏಳು ಗಂಟೆ ಹಿಡಿಯಿತು, ನಿಮಗೆ ಐದಾರು ಸಾಕು. ಕೊನೆಯ ದೋಣಿಯ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಎಲ್ಲರೂ ಪೋರ್ತೆಸ್‌ನಲ್ಲಿ ಚಿತ್ರ ತೆಗೆಸಿಕೊಳ್ಳುವ ಆತುರದಲ್ಲಿ ಹಳ್ಳಿಯನ್ನು ದಾಟಿಬಿಡುತ್ತಾರೆ. ನೀವು ಹಾಗೆ ಮಾಡದೆ, ಅಲ್ಲಿಯ ಯಾವುದಾದರೊಂದು ಮನೆಯ ಮುಂದೆ ಸ್ವಲ್ಪ ಹೊತ್ತು ಕುಳಿತು ಬನ್ನಿ. ಕಂಡದ್ದನ್ನು ನನಗೂ ಬರೆದು ತಿಳಿಸಿ.