ಮೆಡ್‌ಫರ್ಡ್‌ನಿಂದ ತಪ್ಪಿಸಿಕೊಂಡ ಹುಳು
ಎಟಿಯೆನ್ ಲಿಯೋಪೋಲ್ಡ್ ಟ್ರೂವೆಲೊ ಚಿತ್ರಕಾರ. ಜೊತೆಗೆ ರೇಷ್ಮೆಯ ಹುಚ್ಚು. ಫ್ರಾನ್ಸ್ ಬಿಟ್ಟು ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿ ನೆಲೆಸಿದ ಈತ ಮನೆಯ ಹಿಂದೆ ಬಲೆ ಹೊದಿಸಿ ಅಲ್ಲಿನ ಕಾಡು ರೇಷ್ಮೆಹುಳುಗಳನ್ನು ಸಾಕುತ್ತಿದ್ದ. 1860ರ ದಶಕದ ಕೊನೆಗೆ ಯುರೋಪಿನ ಓಕ್ ಕಾಡುಗಳ ಪತಂಗವೊಂದರ ಮೊಟ್ಟೆಗಳನ್ನೂ ತಂದ. ಅದರ ಕೆಲವು ಹುಳುಗಳು ತಪ್ಪಿಸಿಕೊಂಡವು. ಕೀಟತಜ್ಞರಿಗೆ ಸುದ್ದಿ ಮುಟ್ಟಿಸಿದರೂ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆತನೂ ಕೀಟಗಳನ್ನು ಬಿಟ್ಟು ಆಕಾಶ ಹಿಡಿದ: ಹಾರ್ವರ್ಡ್ ವೀಕ್ಷಣಾಲಯಕ್ಕೆ ಗ್ರಹ, ನಕ್ಷತ್ರಗಳ ಚಿತ್ರ ಬರೆದು, 1882ರಲ್ಲಿ ಫ್ರಾನ್ಸಿಗೆ ಮರಳಿದ.

ಹುಳು ಮಾತ್ರ ಉಳಿಯಿತು.

1889ರ ಬೇಸಿಗೆಯಲ್ಲಿ ಮೆಡ್‌ಫರ್ಡ್‌ನ ಮರಗಳು ಬೋಳಾದವು. ಗೋಡೆ, ಬೇಲಿ, ಕಾಲುದಾರಿಗಳ ಮೇಲೆಲ್ಲ ಕಂಬಳಿಹುಳುಗಳು. ಈ ತಳಿಯ ಹೆಣ್ಣು ಪತಂಗ ಹಾರುವುದಿಲ್ಲ, ನಿಜ. ಆದರೆ ಮರಿಹುಳು ನೂಲಿಗೆ ಜೋತು ಗಾಳಿಯಲ್ಲಿ ತೇಲುತ್ತದೆ, ಮೊಟ್ಟೆಗಳು ಗಾಡಿಗಳಿಗೆ ಅಂಟಿ ಸಾಗುತ್ತವೆ. ಮರುವರ್ಷ ರಾಜ್ಯ ಸರ್ಕಾರವೇ ನಿರ್ಮೂಲನೆಗೆ ಇಳಿಯಿತು. ಸೀಸದ ಆರ್ಸನೇಟ್ ಎಂಬ ಕೀಟನಾಶಕ ಹುಟ್ಟಿದ್ದು ಈ ಹೋರಾಟದಲ್ಲೇ. ಮುಂದೆ ಸೇಬಿನ ತೋಟಗಳಿಗೂ ಹೊಕ್ಕ ಆ ವಿಷ ಹಳೆಯ ತೋಟಗಳ ಮಣ್ಣಿನಲ್ಲಿ ಇಂದಿಗೂ ಇದೆ. ಹುಳು ಕಡಿಮೆಯಾಯಿತೆಂದು 1900ರಲ್ಲಿ ಹಣ ನಿಲ್ಲಿಸಿದ್ದು ಮಾತ್ರ ಶುದ್ಧ ಅವಿವೇಕ. ಕೆಲವೇ ವರ್ಷಗಳಲ್ಲಿ ಅದು ನೆರೆರಾಜ್ಯಗಳಿಗೂ ಹಬ್ಬಿತು.

ಈ ಹುಳುವನ್ನು ಹತ್ತಿಕ್ಕಲು 1906ರಲ್ಲಿ ಯುರೋಪಿನ ಪರಾವಲಂಬಿ ನೊಣವೊಂದನ್ನು ತಂದು ಬಿಟ್ಟರು. ನಮ್ಮ ರೇಷ್ಮೆ ಬೆಳೆಗಾರರನ್ನು ಕಾಡುವ ಊಜಿ ನೊಣದ ಕುಟುಂಬದ್ದೇ ಅದು. ಅಮೆರಿಕದ ದೇಸಿ ರೇಷ್ಮೆ ಪತಂಗಗಳನ್ನೂ ಬಿಡಲಿಲ್ಲ.

ಹುಳುವಿಗೆ ದೊಡ್ಡ ಪೆಟ್ಟು ಬಿದ್ದದ್ದು 1989ರಲ್ಲಿ, ಜಪಾನ್ ಮೂಲದ ಶಿಲೀಂಧ್ರವೊಂದರಿಂದ. ಅದಕ್ಕೆ ತೇವ ಬೇಕು. ಮಳೆ ಕೈಕೊಟ್ಟಾಗ ಕಂಬಳಿಹುಳುಗಳು ಮತ್ತೆ ಹೆಚ್ಚುತ್ತವೆ.