ಫ್ಲೆಮಿಂಗೊ ನಿಂತ ನೀರು ಯಾರು ಕಟ್ಟಿದ್ದು? ಥಾಣೆ ಖಾಡಿಯ ಬದುಗಳ ಕಥೆ

ಈ ಸಲ ಕೋಟೆ ಇಲ್ಲ, ಗುಹೆ ಇಲ್ಲ. ನೆರೂಳಿನಲ್ಲಿ ಒಂದು ಬದುವಿನ ಮೇಲೆ ನಡೆದು ಬಂದ ಕಥೆ ಅಷ್ಟೇ. ಟ್ರೆಕ್ಕಿಂಗ್ ಅಂದ್ರೆ ಹರಿಶ್ಚಂದ್ರಗಡ, ಕಳಸೂಬಾಯಿ ಅಂತ ರಾತ್ರೋರಾತ್ರಿ ಹೊರಡುವ ನಮ್ಮ ಗ್ಯಾಂಗಿಗೆ ಇದು ಟ್ರೆಕ್ಕೇ ಅಲ್ಲ. ಒಂದು ಕಡೆ ಕಾಂಡ್ಲಾ ಕಾಡು, ಇನ್ನೊಂದು ಕಡೆ ನೀರು, ಮಧ್ಯೆ ಚಪ್ಪಟೆ ಮಣ್ಣಿನ ದಾರಿ.

ಮೊದಲ ಸಲ ಹೋದಾಗ ನನಗೆ ಒಂದೂ ಫ್ಲೆಮಿಂಗೊ ಸಿಗಲಿಲ್ಲ. ಬೆಳಿಗ್ಗೆ ಬೇಗ ಹೋದರೆ ಹಕ್ಕಿ ಕಾಣುತ್ತೆ ಅಂತ ಆರೂವರೆಗೇ ಹೋಗಿ ನಿಂತಿದ್ದೆ. ಕಾಣಿಸಿದ್ದು ನಾಲ್ಕು ಬೆಳ್ಳಕ್ಕಿ, ಒಂದು ಮಿಂಚುಳ್ಳಿ. ಬದುವಿನ ಮೇಲೆ ಬಲೆ ಬಿಡಿಸುತ್ತಾ ಕೂತಿದ್ದ ವಯಸ್ಸಾದ ಆಗ್ರಿ ಕಾಕಾ ಒಬ್ಬರು ನನ್ನ ಬೈನಾಕ್ಯುಲರ್ ನೋಡಿ ನಕ್ಕರು. "ಗಡಿಯಾರ ನೋಡ್ಕೊಂಡು ಬಂದ್ರೇನು? ನೀರು ನೋಡ್ಕೊಂಡು ಬಾ" ಅಂದರು, ಮರಾಠಿಯಲ್ಲಿ.

ವಿಷಯ ಇಷ್ಟು. ಖಾಡಿಯಲ್ಲಿ ಇಳಿತ ಇದ್ದಾಗ ಕೆಸರು ತೆರೆದುಕೊಳ್ಳುತ್ತೆ, ಹಕ್ಕಿಗಳು ಅಲ್ಲಿ ಮೇಯುತ್ತವೆ. ಉಬ್ಬರ ಬಂದು ಕೆಸರು ಮುಳುಗಿದಾಗ ಅವು ದಂಡೆಯ ಈಚೆಗಿರುವ ಆಳವಿಲ್ಲದ ನೀರಿಗೆ, ಅಂದರೆ ಟಿ.ಎಸ್. ಚಾಣಕ್ಯ, ಎನ್‌ಆರ್‌ಐ, ಡಿಪಿಎಸ್ ಕೆರೆ ಅಂತ ನಾವು ಕರೆಯುವ ಜಾಗಗಳಿಗೆ ಹಾರಿ ಬರುತ್ತವೆ. ಆರು ಗಂಟೆಗೊಮ್ಮೆ ಶಿಫ್ಟ್ ಬದಲು.

"ಕಾಕಾ, ಈ ಕೆರೆ ಎಷ್ಟು ಹಳೇದು?" ಅಂತ ಕೇಳಿದೆ. "ಕೆರೆ ಎಲ್ಲಿಂದ ಬಂತು? ನಮ್ಮ ಅಜ್ಜನ ಕಾಲಕ್ಕೆ ಆ ಕಡೆ ಆಗರ, ಈ ಕಡೆ ಭತ್ತ" ಅಂದರು.

ಆಗರ! ನಾನು ಕುಮಟಾ ಕಡೆಯವನು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವ ಜಾಗಕ್ಕೆ ನಾವೂ ಆಗರ ಅಂತಲೇ ಹೇಳೋದು. ಇಲ್ಲಿ ಮಿಠಾಗರ್. ಆಗ್ರಿ ಅನ್ನುವ ಸಮುದಾಯದ ಹೆಸರೇ ಆ ಆಗರದಿಂದ ಬಂದದ್ದು. ಅಘನಾಶಿನಿ ದಂಡೆಯಲ್ಲಿ ಬದು ಕಟ್ಟಿ, ತೂಬಿನಿಂದ ಉಪ್ಪುನೀರು ತಡೆದು, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ಇದೆಯಲ್ಲ, ಇಲ್ಲಿ ಅದಕ್ಕೆ ಖಾರ್ ಜಮೀನು. ಈ ಬದುಗಳ ಉಸ್ತುವಾರಿಗೆ ಮುಂಬೈ ಸರ್ಕಾರ 1948ರಲ್ಲೇ ಒಂದು ಕಾಯ್ದೆ ಮಾಡಿತ್ತು. ಹತ್ತು ವರ್ಷದಿಂದ ಇಲ್ಲೇ ಇದ್ದರೂ ನನ್ನ ಊರಿನ ಭೂಗೋಳದ ಮೇಲೆಯೇ ಬಾಡಿಗೆಗಿದ್ದೇನೆ ಅಂತ ಆವತ್ತು ಗೊತ್ತಾಯಿತು.

ಆಮೇಲೆ ಏನಾಯಿತು? 1960ರ ದಶಕದ ಮಧ್ಯದಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮೂವರೂ ಸೇರಿ, ಮುಂಬೈ ಉಸಿರಾಡಬೇಕಾದರೆ ಖಾಡಿಯ ಆಚೆ ಹೊಸ ನಗರ ಬೇಕು ಅಂತ ಪ್ರಸ್ತಾಪ ಇಟ್ಟರು. 1970ರ ಮಾರ್ಚ್‌ನಲ್ಲಿ ಸಿಡ್ಕೊ ಹುಟ್ಟಿತು. 95 ಹಳ್ಳಿಗಳ ಜಮೀನು, ಸುಮಾರು 344 ಚದರ ಕಿಲೋಮೀಟರ್. ನಮ್ಮ ಸೆಕ್ಟರ್ ನಂಬರ್‌ಗಳ ಕೆಳಗೆ ಇರೋದು ಆ ಗದ್ದೆಗಳೇ. ಪರಿಹಾರ ಸಾಲದು ಅಂತ 1984ರ ಜನವರಿಯಲ್ಲಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ರೈತರು ಬೀದಿಗಿಳಿದರು. ಜಾಸೈ ಸುತ್ತಮುತ್ತ ನಡೆದ ಗೋಲಿಬಾರಿನಲ್ಲಿ ಐದು ಜನ ಸತ್ತರು. ಅಭಿವೃದ್ಧಿಪಡಿಸಿದ ಜಮೀನಿನಲ್ಲಿ 12.5 ಶೇಕಡಾ ವಾಪಸ್ ಕೊಡುವ ಯೋಜನೆ ಬಂದದ್ದು ಆ ಹೋರಾಟದಿಂದ. ಇಲ್ಲಿ ಫ್ಲಾಟ್ ನೋಡುವಾಗ ಬ್ರೋಕರ್ ಬಾಯಲ್ಲಿ "ಸಾಡೆಬಾರಾ ಟಕ್ಕೆ" ಅಂತ ಕೇಳಿರ್ತೀರಿ, ಅದರ ಹಿಂದಿನ ಕಥೆ ಇದು.

ತಗ್ಗು ಜಾಗದಲ್ಲಿ ನಗರ ಕಟ್ಟಿದ ಸಿಡ್ಕೊ ಇನ್ನೊಂದು ಕೆಲಸವನ್ನೂ ಮಾಡಿತು. ಜೋರು ಮಳೆ, ಮೇಲೆ ಉಬ್ಬರ. ಎರಡೂ ಒಟ್ಟಿಗೆ ಬಂದರೆ ಚರಂಡಿ ನೀರು ಹೋಗೋದೆಲ್ಲಿಗೆ? ಅದಕ್ಕೆ ಡಚ್ಚರ ಮಾದರಿಯಲ್ಲಿ ಬದು, ಹಿಡಿದಿಡುವ ಹೊಂಡ, ಬಾಗಿಲು. ಉಬ್ಬರಕ್ಕೆ ಬಾಗಿಲು ಮುಚ್ಚಿಕೊಳ್ಳುತ್ತೆ, ಮಳೆನೀರು ಹೊಂಡದಲ್ಲಿ ಕಾಯುತ್ತೆ, ಇಳಿತಕ್ಕೆ ಹೊರಗೆ ಹೋಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬಫರ್. ಆದರೆ ಗಜನಿ ರೈತನ ತೂಬು ಮಾಡ್ತಿದ್ದ ಕೆಲಸವೂ ಇದೇ ಅಲ್ವಾ?

ಫ್ಲೆಮಿಂಗೊಗಳು ಈ ಖಾಡಿಗೆ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1990ರ ದಶಕದಲ್ಲಿ, ಅಂದರೆ ನಗರ ಬೆಳೆದ ಮೇಲೆ. ಊರಿನ ಕೊಳಚೆಯಿಂದ ಪಾಚಿ ಹೆಚ್ಚಿದ್ದೂ ಒಂದು ಕಾರಣ ಅನ್ನುತ್ತಾರೆ ತಜ್ಞರು. 2015ರಲ್ಲಿ ಖಾಡಿಯ ಒಂದು ಭಾಗ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಅದೇ ವರ್ಷ ಪಟ್ಟಿ ಸೇರಿದ್ದು ನಮ್ಮ ರಂಗನತಿಟ್ಟು, ಕರ್ನಾಟಕದ ಮೊದಲ ರಾಮ್ಸರ್ ತಾಣ. ಅದೇನು ತಾನಾಗಿ ಹುಟ್ಟಿದ್ದಾ? 17ನೇ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ್ ಕಾವೇರಿಗೆ ಒಡ್ಡು ಕಟ್ಟಿಸಿದರು, ತಿಟ್ಟುಗಳು ಉಂಟಾದವು, ಹಕ್ಕಿ ಬಂದವು. 1940ರಲ್ಲಿ ಸಲೀಂ ಅಲಿ ಅವರ ಮಾತಿನ ಮೇಲೆ ಅದನ್ನು ಪಕ್ಷಿಧಾಮ ಮಾಡಿದರು. 2024ರಲ್ಲಿ ಪಟ್ಟಿ ಸೇರಿದ ಗದಗಿನ ಮಾಗಡಿ ಕೆರೆಯೂ ಜನ ಕಟ್ಟಿದ್ದೇ.

ಮನುಷ್ಯ ಕಟ್ಟಿದ ನೀರಿಗೆ ಒಂದು ತೊಂದರೆ ಇದೆ: ಅದನ್ನು ಮನುಷ್ಯ ಸುಮ್ಮನೆ ಮುಚ್ಚಿಬಿಡಬಹುದು. 30 ಎಕರೆಯ ಡಿಪಿಎಸ್ ಕೆರೆಗೆ ಖಾಡಿಯ ನೀರು ಬರುವ ದಾರಿ ಮುಚ್ಚಿಹೋಗಿದೆ ಅಂತ ಪರಿಸರದ ಕಾರ್ಯಕರ್ತರು ದೂರು ಕೊಡುತ್ತಲೇ ಬಂದರು. 2024ರ ಬೇಸಿಗೆಯಲ್ಲಿ ಕೆರೆ ಒಣಗಿತು, ಆ ಭಾಗದಲ್ಲಿ ಫ್ಲೆಮಿಂಗೊಗಳು ಸತ್ತವು. ಆಮೇಲೆ ಸಮಿತಿ ಬಂತು, ನೀರಿನ ದಾರಿ ತೆರೆಯುವ ಮಾತು ಬಂತು. 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದನ್ನು ಸಂರಕ್ಷಿತ ಮೀಸಲು ಮಾಡಲು ಒಪ್ಪಿತು.

ಹಾಗಾಗಿ "ಪ್ರಕೃತಿ ಉಳಿಸಿ" ಅನ್ನೋದಕ್ಕಿಂತ "ತೂಬು ಯಾರ ಕೈಲಿದೆ?" ಅಂತ ಕೇಳೋದು ಇಲ್ಲಿ ಹೆಚ್ಚು ಸರಿ ಅನ್ಸುತ್ತೆ ನನಗೆ. ಮೊದಲು ಅದು ಕಾಕಾನ ಅಜ್ಜನ ಕೈಲಿತ್ತು. ಈಗ ಕಚೇರಿಯಲ್ಲಿದೆ. ಬಾಡಿಗೆ, ಇಎಂಐ, ತೆರಿಗೆ ಕಟ್ಟುವ ನಾವೂ ಆ ಕಚೇರಿಗೆ ಅರ್ಜಿ ಹಾಕಬಹುದು. ಹೊರಗಿನವರು ಅಂತ ಸುಮ್ಮನಿರಬೇಕಾಗಿಲ್ಲ.

ಎರಡನೇ ಸಲ ಉಬ್ಬರದ ಪಟ್ಟಿ ನೋಡಿಕೊಂಡೇ ಹೋದೆ. ಹನ್ನೊಂದರ ಹೊತ್ತಿಗೆ ಕಾಂಡ್ಲಾ ಮೇಲಿಂದ ಗುಲಾಬಿ ಸಾಲು ಬಂತು, ಇಳಿಯಿತು, ಒಂಟಿ ಕಾಲಲ್ಲಿ ನಿಂತಿತು. ಕಾಕಾ ಕಾಣಿಸಲಿಲ್ಲ. ಡೊಂಬಿವಲಿ, ಕಲ್ಯಾಣ್ ಕಡೆಯವರು ಥಾಣೆಗೆ ಬಂದು ಟ್ರಾನ್ಸ್‌ಹಾರ್ಬರ್ ಲೋಕಲ್‌ನಲ್ಲಿ ನೆರೂಳ್‌ಗೆ ಬನ್ನಿ. ನವೆಂಬರ್‌ನಿಂದ ಮೇ ಒಳಗೆ, ನೀರು ನೋಡ್ಕೊಂಡು. ಹಕ್ಕಿ ನೋಡಿ ಆದಮೇಲೆ ಒಂದೈದು ನಿಮಿಷ ನೀರು ಒಳಗೆ ಬರುವ ಪೈಪನ್ನೂ ನೋಡಿ ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.